ಬಲಾಢ್ಯ ಗಿರಾಕಿಯೊಡನೆ ರಾಷ್ಟ್ರದ ನಡತೆ

(ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪೇಟೆಯಲ್ಲಿ ಅಂಗಡಿಯಿಟ್ಟವನಿಗೆ ಒಬ್ಬನೇ ದೊಡ್ಡ ಗಿರಾಕಿಯಿದ್ದರೆ, ಆ ಗಿರಾಕಿ ಮುನಿದ ದಿನ ಅಂಗಡಿಕಾರನ ಮನೆಯ ಒಲೆ ಉರಿಯುವುದು ಕಷ್ಟ. ವ್ಯಕ್ತಿಗೆ ಸಲ್ಲುವ ಈ ಮಾತು ರಾಷ್ಟ್ರಕ್ಕೂ ಸಲ್ಲುತ್ತದೆ. ತನ್ನ ಸರಕನ್ನು ಕೊಳ್ಳುವ ಬಲಾಢ್ಯ ರಾಷ್ಟ್ರವು ಸಿಟ್ಟಾಗಿ ಬಾಗಿಲು ಮುಚ್ಚಿದರೆ ಚಿಕ್ಕ ರಾಷ್ಟ್ರವು ಏನು ಮಾಡಬೇಕು? ತಲೆ ಬಾಗಬೇಕೆ, ತೊಡೆ ತಟ್ಟಬೇಕೆ? ಹೊಟ್ಟೆಯ ಪ್ರಶ್ನೆಯೇ ಮೊದಲೆಂದು ಒಂದು ಪಕ್ಷದವರು ಹೇಳುತ್ತಾರೆ. ಮಾನವು ಪ್ರಾಣಕ್ಕಿಂತ ಮೇಲೆಂದು ಇನ್ನೊಂದು ಪಕ್ಷದವರು. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಅಪೂರ್ಣವಾಗಿವೆ. ಬರಿಯ ತರ್ಕದಿಂದ ಮುಗಿಯುವ ವಾದವಿದಲ್ಲ. ಆದುದರಿಂದ ಈಚೆಗೆ ಜಗತ್ತಿನ ಕಣ್ಣೆದುರಿಗೆ ನಡೆದುಹೋದ ಒಂದು ಪ್ರಸಂಗವನ್ನು ಸಭೆಯ ಮುಂದಿಟ್ಟು ವಿಚಾರಿಸಬಯಸುತ್ತೇವೆ. ಅದು ೨೦೨೦ರಿಂದ ೨೦೨೪ರವರೆಗೆ ಆಸ್ಟ್ರೇಲಿಯಕ್ಕೂ ಚೀನಕ್ಕೂ ನಡೆದ ವ್ಯಾಪಾರ ಕಲಹ.

ಆಸ್ಟ್ರೇಲಿಯವು ವಿಸ್ತಾರದಲ್ಲಿ ಒಂದು ಖಂಡವೇ ಆದರೂ ಜನಸಂಖ್ಯೆಯಲ್ಲಿ ಚಿಕ್ಕದು. ಆಗ ಅಲ್ಲಿದ್ದವರು ಸುಮಾರು ಎರಡೂವರೆ ಕೋಟಿ ಜನ. ೨೦೧೫ರ ಡಿಸೆಂಬರಿನಲ್ಲಿ ಚೀನದೊಡನೆ ಮುಕ್ತ ವ್ಯಾಪಾರದ ಒಪ್ಪಂದವು ಜಾರಿಗೆ ಬಂದಿತ್ತು. ಹೊರಗೆ ಕಳಿಸುವ ಸರಕಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನದನ್ನು ಚೀನವೊಂದೇ ಕೊಳ್ಳುತ್ತಿತ್ತು. ಹೀಗಿರಲು, ಕೊರೋನಾ ಪಿಡುಗು ಹುಟ್ಟಿದ ಬಗೆಯನ್ನು ಸ್ವತಂತ್ರವಾಗಿ ವಿಚಾರಣೆ ಮಾಡಬೇಕೆಂದು ೨೦೨೦ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಸರಕಾರವು ಕೇಳಿತು. ಚೀನವು ಮುನಿಯಿತು. ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಬಾರ್ಲಿಯ ಮೇಲೆ ಪ್ರತಿಶತ ೮೦.೫ರಷ್ಟು ಸುಂಕ ಬಿದ್ದಿತು. ಮುಂದೆ ದನದ ಮಾಂಸ, ಕಲ್ಲಿದ್ದಲು, ಮರ, ಕಡಲಸಿಗಡಿ ಒಂದೊಂದಾಗಿ ತಡೆಗೆ ಸಿಕ್ಕಿದವು. ೨೦೨೧ರ ಮಾರ್ಚಿನಲ್ಲಿ ದ್ರಾಕ್ಷಾರಸದ ಮದ್ಯದ ಮೇಲಿನ ಸುಂಕವು ಪ್ರತಿಶತ ೨೧೮ರವರೆಗೆ ಏರಿತು. ಅದಕ್ಕೂ ಮುಂಚೆ, ೨೦೨೦ರ ನವೆಂಬರಿನಲ್ಲಿ, ಚೀನದ ರಾಯಭಾರ ಕಚೇರಿಯಿಂದ ಹದಿನಾಲ್ಕು ದೂರುಗಳ ಪಟ್ಟಿಯೊಂದು ಪತ್ರಿಕೆಗಳವರ ಕೈ ಸೇರಿತ್ತು. ಅದರಲ್ಲಿ ವ್ಯಾಪಾರದ ಮಾತಿಗಿಂತ ಆಸ್ಟ್ರೇಲಿಯದ ಕಾನೂನುಗಳ, ಅಲ್ಲಿಯ ಪತ್ರಿಕೆಗಳ, ಶಾಸನಸಭಾ ಸದಸ್ಯರ ಮಾತುಗಳ ಮೇಲಿನ ಆಕ್ಷೇಪವೇ ಹೆಚ್ಚು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸುಂಕದ ಮಾತಾಗಿದ್ದರೆ ಕೊಟ್ಟು ಕೊಂಡು ಸರಿಪಡಿಸಬಹುದು, ವ್ಯಾಪಾರವೆಂದರೇ ಕೊಡುಕೊಳ್ಳುವಿಕೆ. ಆದರೆ ನಿಮ್ಮ ಪತ್ರಿಕೆಗಳು ಏನು ಬರೆಯಬೇಕು, ನಿಮ್ಮ ಪ್ರತಿನಿಧಿಗಳು ಏನು ನುಡಿಯಬೇಕು ಎಂಬುದನ್ನು ಗಿರಾಕಿಯು ನಿರ್ಧರಿಸಹೊರಟರೆ ಅದು ವ್ಯಾಪಾರವಲ್ಲ, ಆಳಿಕೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದು ದೂರಿಗೆ ಮಣಿದಿದ್ದರೆ ಉಳಿದ ಹದಿಮೂರು ಕಾದು ನಿಂತಿದ್ದವು. ಆ ರಾಷ್ಟ್ರವು ತನ್ನ ಕಾನೂನುಗಳನ್ನು ಹಿಂದೆಗೆದುಕೊಳ್ಳಲಿಲ್ಲ. ೨೦೧೮ರಲ್ಲಿ ಚೀನದ ಹುವಾವೇ ಸಂಸ್ಥೆಯನ್ನು ದೂರಸಂಪರ್ಕದ ಹೊಸ ಜಾಲದಿಂದ ಹೊರಗಿಟ್ಟ ನಿರ್ಣಯವನ್ನೂ ಬದಲಿಸಲಿಲ್ಲ. ಈ ಮಟ್ಟಿಗೆ ಅದರ ನಿಷ್ಠುರತೆಯು ಯೋಗ್ಯವೇ ಸರಿ.

ಆದರೆ ನಿಷ್ಠುರತೆಯು ಬೇರೆ, ಒರಟುತನವು ಬೇರೆ. ವಿಚಾರಣೆಯ ಬೇಡಿಕೆಯನ್ನು ಆಸ್ಟ್ರೇಲಿಯವು ಮಿತ್ರರಾಷ್ಟ್ರಗಳನ್ನು ಮೊದಲು ಜೊತೆಗೂಡಿಸಿಕೊಳ್ಳದೆ ತಾನೇ ಮುಂದಾಗಿ ಸಾರಿತು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ ನೂರಕ್ಕಿಂತ ಹೆಚ್ಚು ರಾಷ್ಟ್ರಗಳು ಸೇರಿ, ಮೆದುವಾದ ಮಾತಿನಲ್ಲಿ, ಪಿಡುಗಿನ ನಿರ್ವಹಣೆಯ ನಿಷ್ಪಕ್ಷಪಾತ ಪರಿಶೀಲನೆಯಾಗಬೇಕೆಂದು ನಿರ್ಣಯ ತಂದವು. ಅದಕ್ಕೆ ಚೀನವೂ ಒಪ್ಪಿತು! ಒಬ್ಬನೇ ಕೂಗಿದಾಗ ಜಗಳವಾದುದು ಹತ್ತು ಜನ ಕೂಡಿ ಹೇಳಿದಾಗ ನಿರ್ಣಯವಾಯಿತು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದು ಹೇಡಿತನದ ಬೋಧೆಯಲ್ಲ, ಶಕ್ತಿಯ ಮಿತವ್ಯಯ.

ಇನ್ನು ಕಲಹದ ಫಲವನ್ನು ನೋಡೋಣ. ಚೀನವು ಎಲ್ಲವನ್ನೂ ತಡೆಯಿತೆಂದು ತಿಳಿಯಬಾರದು. ಕಬ್ಬಿಣದ ಅದಿರಿನ ತಂಟೆಗೆ ಅದು ಹೋಗಲಿಲ್ಲ. ಅದರ ಉಕ್ಕಿನ ಕುಲುಮೆಗಳಿಗೆ ಬೇಕಾಗುವ ಆಮದು ಅದಿರಿನಲ್ಲಿ ಹೆಚ್ಚಿನ ಪಾಲು ಆಸ್ಟ್ರೇಲಿಯದ್ದೇ. ಬಲಾಢ್ಯನಿಗೂ ಒಂದು ಅಗತ್ಯವಿರುತ್ತದೆ. ಅದನ್ನು ತಿಳಿದವನು ಅಂಜಬೇಕಾದುದಿಲ್ಲ. ತಡೆಗೆ ಸಿಕ್ಕ ಸರಕೂ ದಾರಿ ಹುಡುಕಿಕೊಂಡಿತು. ಬಾರ್ಲಿಯು ಸೌದಿ ಅರೇಬಿಯಕ್ಕೆ ಹೋಯಿತು. ಕಲ್ಲಿದ್ದಲು ಜಪಾನಕ್ಕೆ, ಕೊರಿಯಕ್ಕೆ, ನಮ್ಮ ಭಾರತಕ್ಕೆ ಬಂದಿತು. ತಡೆಗೊಳಗಾದ ಸರಕುಗಳ ಮಾರಾಟವು ಚೀನದಲ್ಲಿ ವರ್ಷಕ್ಕೆ ಸುಮಾರು ೫೪೦ ಕೋಟಿ ಡಾಲರಿನಷ್ಟು ಇಳಿದು, ಬೇರೆ ದೇಶಗಳಲ್ಲಿ ಸುಮಾರು ೪೪೦ ಕೋಟಿಯಷ್ಟು ಏರಿತೆಂದು ಆ ದೇಶದ ಅರ್ಥಮಂತ್ರಿ ಜೋಶ್ ಫ್ರೈಡನ್‌ಬರ್ಗರು ೨೦೨೧ರ ಸೆಪ್ಟೆಂಬರಿನಲ್ಲಿ ಲೆಕ್ಕ ಕೊಟ್ಟರು. ಇವು ಆಸ್ಟ್ರೇಲಿಯದ ಡಾಲರುಗಳು.

ಈ ಲೆಕ್ಕವನ್ನು ಕೇಳಿ ಹಿಗ್ಗುವವರು ಒಂದು ಸಂಗತಿಯನ್ನು ಮರೆಯಬಾರದು. ರಾಷ್ಟ್ರದ ಲೆಕ್ಕ ಸರಿಹೋದರೆ ಪ್ರತಿಯೊಬ್ಬ ಒಕ್ಕಲಿಗನ ಲೆಕ್ಕವೂ ಸರಿಹೋದಂತಲ್ಲ. ಬಾರ್ಲಿಯನ್ನು ಎಲ್ಲಿಯಾದರೂ ಮಾರಬಹುದು. ಆದರೆ ಚೀನದ ಪೇಟೆಯನ್ನೇ ನಂಬಿ ಕೆಂಪು ದ್ರಾಕ್ಷಿಯನ್ನು ಬೆಳೆದವನು ಬೇರೆ ಗಿರಾಕಿಯನ್ನು ಎಲ್ಲಿಂದ ತರಬೇಕು? ಆ ವ್ಯಾಪಾರವು ಹೆಚ್ಚುಕಡಿಮೆ ನಿಂತೇಹೋಯಿತು, ಧಾರಣೆ ಕುಸಿಯಿತು, ಬಳ್ಳಿಗಳನ್ನು ಕಿತ್ತುಹಾಕಿದವರೂ ಉಂಟು. ಇವರಿಗಿಂತಲೂ ನಿರಪರಾಧಿಗಳಾದವರು ನಮ್ಮ ದೇಶದ ನಾವಿಕರು. ಆಸ್ಟ್ರೇಲಿಯದ ಕಲ್ಲಿದ್ದಲನ್ನು ಹೊತ್ತ ‘ಜಗ್ ಆನಂದ್’ ಎಂಬ ಹಡಗು ೨೦೨೦ರ ಜೂನಿನಿಂದ ಚೀನದ ರೇವಿನ ಹೊರಗೆ ನಿಂತಿತು. ಅದರಲ್ಲಿದ್ದ ೨೩ ಜನ ಭಾರತೀಯರು ದಡಕ್ಕಿಳಿಯಲಾರದೆ ತಿಂಗಳುಗಟ್ಟಲೆ ನೀರಿನ ಮೇಲೆಯೇ ಕಳೆದರು. ೨೦೨೧ರ ಜನವರಿಯಲ್ಲಿ ಹಡಗು ಜಪಾನದ ಕಡೆಗೆ ತಿರುಗಿದ ಮೇಲೆಯೇ ಅವರಿಗೆ ಬಿಡುಗಡೆಯಾಯಿತು. ಗಟ್ಟಿಯಾಗಿ ಮಾತಾಡುವವನು ಒಬ್ಬ, ಅದರ ಬೆಲೆಯನ್ನು ತೆರುವವನು ಇನ್ನೊಬ್ಬ!

ಕೊನೆಗೆ ಏನಾಯಿತು? ೨೦೨೨ರ ಮೇ ತಿಂಗಳಲ್ಲಿ ಆಂಥೊನಿ ಆಲ್ಬನೀಸರ ಹೊಸ ಸರಕಾರವು ಬಂದಿತು. ಅದು ಹಳೆಯ ನೀತಿಯ ಸಾರವನ್ನು ಬಿಡದೆ ಮಾತಿನ ಕಾವನ್ನು ಮಾತ್ರ ಇಳಿಸಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಹಿಂದಿನ ಸರಕಾರವೇ ಹೂಡಿದ್ದ ವ್ಯಾಜ್ಯಗಳನ್ನು ಕೈಯಲ್ಲಿಟ್ಟುಕೊಂಡು, ಚೀನವು ಪುನಃಪರಿಶೀಲನೆಗೆ ಒಪ್ಪಿದಾಗ ಅವುಗಳಿಗೆ ತಾತ್ಕಾಲಿಕ ತಡೆ ಕೊಟ್ಟಿತು. ೨೦೨೩ರ ಆಗಸ್ಟಿನಲ್ಲಿ ಬಾರ್ಲಿಯ ಸುಂಕ ಹೋಯಿತು. ೨೦೨೪ರ ಮಾರ್ಚಿನಲ್ಲಿ ಮದ್ಯದ ಸುಂಕವೂ ಹೋಯಿತು. ಅದೇ ವರ್ಷದ ಕೊನೆಗೆ ಸಿಗಡಿಗೂ ಬಾಗಿಲು ತೆರೆಯಿತು. ಎದುರಾಳಿಗೆ ಮಾನದಿಂದ ಹಿಂದೆ ಸರಿಯಲು ದಾರಿ ಬಿಟ್ಟುಕೊಡುವುದೂ ಗೆಲುವಿನ ಒಂದು ಅಂಗವೆಂಬುದು ಇದರಿಂದ ಸಿದ್ಧವಾಗುತ್ತದೆ.

ದೂರದ ಕಥೆಯಿದು, ನಮಗೇನೆಂದು ಕೇಳುವವರಿಗೆ ರಾಮನಗರದ ಗೂಡಿನ ಮಾರುಕಟ್ಟೆಯ ಕಡೆಗೆ ಕೈ ತೋರಿಸುತ್ತೇವೆ. ಅಲ್ಲಿ ಚೀನವು ಗಿರಾಕಿಯಲ್ಲ, ಮಾರಾಟಗಾರ. ಆದರೆ ಪ್ರಶ್ನೆ ಅದೇ. ಹೊರಗಿನಿಂದ ಬರುವ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ೨೦೧೧ರ ಮುಂಗಡಪತ್ರದಲ್ಲಿ ಪ್ರತಿಶತ ೩೦ರಿಂದ ೫ಕ್ಕೆ ಇಳಿಸಲಾಯಿತು. ಚೀನದ ಅಗ್ಗದ ರೇಷ್ಮೆ ಒಳನುಗ್ಗುವ ಭಯಕ್ಕೆ ಗೂಡಿನ ಧಾರಣೆ ಬಿದ್ದು, ಕನ್ನಡನಾಡಿನ ಹಿಪ್ಪುನೇರಳೆಯ ರೈತನೂ ನೂಲು ಬಿಚ್ಚುವವನೂ ಕಂಗಾಲಾದರು. ೨೦೧೩ರಲ್ಲಿ ಸುಂಕವನ್ನು ೧೫ಕ್ಕೆ ಏರಿಸಬೇಕಾಯಿತು. ಸುಂಕ ಏರಿಸಿರೆಂದು ಕೂಗುವುದು ನಮಗೆ ಸುಲಭ. ಆದರೆ ಕಾಶಿಯ ನೇಕಾರನೂ ಕಂಚಿಯ ನೇಕಾರನೂ ನಮ್ಮವರೇ; ಹಾಸಿಗೆ ಬೇಕಾಗುವ ಗಟ್ಟಿಯಾದ, ಒಂದೇ ಸಮನಾದ ನೂಲು ಚೀನದಿಂದ ಬರುತ್ತಿತ್ತೆಂದೇ ಅವರು ಅದನ್ನು ಕೊಂಡರು. ಸುಂಕದ ಗೋಡೆಯು ಕಾಲಾವಕಾಶವನ್ನು ಕೊಡುತ್ತದೆಯೇ ಹೊರತು ನೂಲನ್ನು ಕೊಡುವುದಿಲ್ಲ. ಮೈಸೂರಿನ ಸಂಶೋಧನಾಲಯವು ಬೆಳೆಸಿದ ದ್ವಿತಳಿಯ ಹುಳುವನ್ನು ಸಾಕಿ, ಒಳ್ಳೆಯ ಯಂತ್ರದಲ್ಲಿ ನೂಲು ಬಿಚ್ಚಿ, ನೇಕಾರನೇ ಮೆಚ್ಚುವ ಸರಕನ್ನು ಒದಗಿಸಿದಷ್ಟು ಮಟ್ಟಿಗೆ ಚೀನದ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ.

ಆದುದರಿಂದ, ಸಭಾಸದರೇ, ಬಲಾಢ್ಯನೊಡನೆ ಎಷ್ಟು ಗಟ್ಟಿಯಾಗಿ ನಡೆಯಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ನಮ್ಮ ಕಾನೂನಿನ ವಿಷಯದಲ್ಲಿ ಕಲ್ಲಿನಂತೆ, ಮಾತಿನಲ್ಲಿ ಮೆದುವಾಗಿ, ಸುಂಕದ ಚೌಕಾಶಿಯಲ್ಲಿ ವರ್ತಕನಂತೆ. ಇದಕ್ಕೆ ಮುಂಚಿತವಾದ ಸಿದ್ಧತೆ ಬೇಕು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದು. ಒಬ್ಬ ಗಿರಾಕಿಯಿರುವಾಗಲೇ ಇನ್ನೂ ನಾಲ್ವರನ್ನು ಹುಡುಕಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ರಾಷ್ಟ್ರದ ಮಾನಕ್ಕಾಗಿ ಒಬ್ಬ ಒಕ್ಕಲಿಗನ ಪೇಟೆ ಮುಚ್ಚಿದರೆ ಅವನ ನಷ್ಟವನ್ನು ರಾಷ್ಟ್ರವೇ ಹೊರಬೇಕು. ಮಾನವು ಎಲ್ಲರದಾದಾಗ ಅದರ ಬೆಲೆಯೂ ಎಲ್ಲರದಾಗಬೇಕಷ್ಟೆ. ಈ ಹಂಚಿಕೆಗೆ ಒಪ್ಪದವರು ನಿಷ್ಠುರತೆಯ ಮಾತನ್ನು ಆಡದಿರುವುದೇ ಲೇಸು. ಶಿಕ್ಷಕ ಬಂಧುಗಳು ಶಾಲೆಯಲ್ಲಿ ಭೂಪಟವನ್ನು ಬಿಡಿಸಿ ದೇಶದೇಶಗಳ ಬೆಳೆಯನ್ನೂ ಗಣಿಯನ್ನೂ ತೋರಿಸುವಾಗ, ಯಾವ ಸರಕು ಎಲ್ಲಿಗೆ ಹೋಗುತ್ತದೆ, ಆ ದಾರಿ ಮುಚ್ಚಿದರೆ ಯಾರ ಮನೆಗೆ ಪೆಟ್ಟು ಬೀಳುತ್ತದೆ ಎಂಬುದನ್ನೂ ಮಕ್ಕಳಿಂದ ಹೇಳಿಸಲಿ. ನಾಳೆ ರಾಷ್ಟ್ರದ ಪರವಾಗಿ ಮಾತಾಡಬೇಕಾದವರು ಅವರೇ.