ಮಳೆಯಲ್ಲಿ ನೆನೆದ ಬಾಣ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡು ಎಂದು ಹೆಡ್‌ಮಾಸ್ಟರ್ ಹೇಳಿದ್ದರು. ಅದನ್ನು ನನ್ನ ಹಿಂದೆ ಬರುವವರು ಹೇಳಲಿ. ನಾನು ಬಾಣದ ಗರಿಯ ಬಗ್ಗೆ ಹೇಳುತ್ತೇನೆ.

ಒಂಬತ್ತನೇ ತರಗತಿಯಲ್ಲಿ ಒಂದು ಪ್ರಬಂಧದಲ್ಲಿ 'ಪುಂಖಾನುಪುಂಖವಾಗಿ' ಎಂದು ಬರೆದಿದ್ದೆ. ಕನ್ನಡ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ, "ಪುಂಖ ಅಂದರೆ ಏನೋ?" ಎಂದರು. ಗೊತ್ತಿರಲಿಲ್ಲ. "ಬಾಣದ ಹಿಂಬದಿ, ಗರಿ ಕಟ್ಟುವ ಜಾಗ. ಒಂದು ಬಾಣದ ಬಾಲದ ಹಿಂದೆಯೇ ಇನ್ನೊಂದು ಬಂದರೆ ಪುಂಖಾನುಪುಂಖ. ಗೊತ್ತಿಲ್ಲದ ಪದ ಎಸೆಯಬೇಡ" ಎಂದು ಕೂರಿಸಿದರು. ಆ ಪುಂಖವನ್ನು ಕೈಯಲ್ಲಿ ಹಿಡಿಯಲು ನನಗೆ ಮತ್ತೆ ಹದಿನೇಳು ವರ್ಷ, ಒಂದು ಬಿ.ಇ. ಡಿಗ್ರಿ, ಒಂದು ಅಮೆರಿಕದ ವೀಸಾ ಬೇಕಾಯಿತು.

ಕೆಲಸದ ಮೇಲೆ ನಾನು ಇದ್ದದ್ದು ಸಿಯಾಟಲ್ ಹತ್ತಿರ, ವಾಷಿಂಗ್ಟನ್ ರಾಜ್ಯದಲ್ಲಿ. ಅದರ ಪಶ್ಚಿಮ ಅಂಚಿನ ಒಲಿಂಪಿಕ್ ಪರ್ಯಾಯ ದ್ವೀಪದ ಕೆಲವು ಕಾಡುಗಳಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಆಗುಂಬೆಯವರು ನಗಬಹುದು, ಆದರೆ ಅದು ಚಳಿಗಾಲದ ಮಳೆ, ಮೂಳೆಗೆ ಇಳಿಯುತ್ತದೆ. ನನ್ನ ತಂಡದ ಹಿರಿಯ ಇಂಜಿನಿಯರ್ ಒಬ್ಬರು ಆ ಕಡೆ ಮರದ ಬಿಲ್ಲು ಹಿಡಿದು ಎಲ್ಕ್ ಬೇಟೆಗೆ ಹೋಗುವವರು. ಎಲ್ಕ್ ಎಂದರೆ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ. ಅಲ್ಲಿ ಪರವಾನಗಿ, ಋತು ಎಲ್ಲ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಮಕ್ಕಳೇ, ಇದನ್ನು ಕೇಳಿ ಯಾರೂ ಬಿಲ್ಲು ಕಟ್ಟಲು ಹೋಗಬೇಡಿ.

ಗರಿ ಏಕೆ ಬೇಕು? ಶಟಲ್ ಕಾಕ್ ನೆನಪಿಸಿಕೊಳ್ಳಿ. ಹೇಗೆ ಎಸೆದರೂ ಬಿರಡೆಯೇ ಮುಂದಾಗುತ್ತದೆ, ಏಕೆಂದರೆ ಹಿಂದಿರುವ 16 ಗರಿಗಳನ್ನು ಗಾಳಿ ತಡೆಯುತ್ತದೆ. ಬಾಣಕ್ಕೆ ಸಾಮಾನ್ಯವಾಗಿ ಮೂರೇ ಗರಿ, ನಾಲ್ಕೈದು ಇಂಚು ಉದ್ದ, ಹೆಚ್ಚಾಗಿ ಟರ್ಕಿ ಕೋಳಿಯ ರೆಕ್ಕೆಯದು. ಸ್ವಲ್ಪ ಓರೆಯಾಗಿ ಅಂಟಿಸಿದರೆ ಬಾಣ ತಿರುಗುತ್ತಾ ನೇರ ಹೋಗುತ್ತದೆ. ಮೂರೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡಗರಿಯ ಬಾಗು ಬೇರೆ, ಬಲಗರಿಯ ಬಾಗು ಬೇರೆ. ಅವರ ಗ್ಯಾರೇಜಿನಲ್ಲಿ ಕುಳಿತು ನಾನು ಕಟ್ಟಿದ ಮೊದಲ ಬಾಣಕ್ಕೆ ಎರಡು ಎಡ, ಒಂದು ಬಲ ಬಿದ್ದಿತ್ತು. ಅದು ಕುಡಿದವನ ಹಾಗೆ ಹೋಯಿತು.

ಮಳೆ ಬಂದರೆ ಕಷ್ಟ. ಗರಿಯ ಎಳೆಗಳು ಒಂದಕ್ಕೊಂದು ಅಂಟಿ ಕಡ್ಡಿಗೆ ಮಲಗಿಬಿಡುತ್ತವೆ. ಮುಂದೆ ಅಗಲವಾದ ಬೇಟೆಯ ಮೊನೆ ಇರುತ್ತದಲ್ಲ, ಅದೇ ಸಣ್ಣ ರೆಕ್ಕೆಯಂತಾಗಿ ಬಾಣವನ್ನು ಪಕ್ಕಕ್ಕೆ ಎಳೆಯುತ್ತದೆ, ಹಿಂದಿನಿಂದ ತಿದ್ದುವವರಿಲ್ಲ. ಹಾಗಾದರೆ ಪ್ಲಾಸ್ಟಿಕ್ ಗರಿ ಹಾಕಬಹುದಲ್ಲ ಎಂದು ನಾನೂ ಕೇಳಿದೆ. ಹಳೆಯ ಮಾದರಿಯ ಬಿಲ್ಲಿನಲ್ಲಿ ಬಾಣ ಬಿಲ್ಲಿನ ಮೈಗೆ ಒರಸಿಕೊಂಡೇ ಹೋಗುತ್ತದೆ. ಹಕ್ಕಿಯ ಗರಿ ತಗ್ಗಿ ದಾರಿ ಕೊಟ್ಟು ಮತ್ತೆ ಏಳುತ್ತದೆ. ಪ್ಲಾಸ್ಟಿಕ್ ಬಡಿದು ಬಾಣವನ್ನೇ ತಳ್ಳುತ್ತದೆ. ನೀರಿಗೆ ಸೋಲುವ ಆ ಮೆತ್ತನೆಯ ಗುಣವೇ ಬಿಲ್ಲಿಗೆ ಬೇಕು.

ಅದಕ್ಕೇ ಉಪಾಯಗಳು. ನೀರು ಹಿಡಿಯದ ಪುಡಿ ಉಜ್ಜುತ್ತಾರೆ, ಸಿಲಿಕೋನ್ ಸಿಂಪಡಿಸುತ್ತಾರೆ. ಗಂಟೆಗಟ್ಟಲೆ ಸುರಿದರೆ ಎರಡೂ ಸಾಲದು. ಟರ್ಕಿಗಿಂತ ನೀರುಹಕ್ಕಿಯಾದ ಹೆಬ್ಬಾತಿನ ಗರಿ ಹೆಚ್ಚು ತಡೆಯುತ್ತದೆ ಎನ್ನುವವರು ಅನೇಕರು. ಇಂಗ್ಲೆಂಡಿನ ಐದನೇ ಹೆನ್ರಿ 1417ರಲ್ಲಿ ಬಾಣಗಳಿಗಾಗಿ ಒಂದೊಂದು ಹೆಬ್ಬಾತಿನಿಂದ ಆರಾರು ಗರಿ ವಸೂಲಿ ಮಾಡಿಸಿದ್ದ. ನಮ್ಮ ಮಹಾಭಾರತದಲ್ಲೂ 'ಕಂಕಪತ್ರ' ಎಂಬ ಬಾಣ ಬರುತ್ತದೆ. ಕಂಕ ಎಂದರೆ ಬಕಪಕ್ಷಿ ಎನ್ನುತ್ತದೆ ನಿಘಂಟು. ಮಳೆಗಾಗಿಯೇ ಆರಿಸಿದರು ಎಂದು ನಾನು ಹೇಳಲಾರೆ, ಆದರೆ ಓದಿ ಖುಷಿಯಾಯಿತು.

ನಮ್ಮ ಹಿರಿಯರ ಉಪಾಯ ಇದ್ಯಾವುದೂ ಅಲ್ಲ. ಬತ್ತಳಿಕೆಯ ಗರಿಗಳ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಕವುಚಿದ್ದರು. ಗೊಬ್ಬರದ ಚೀಲದ ಕೊಪ್ಪೆ ಹಾಕಿ, ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇದೇ ಶಾಲೆಗೆ ಬಂದವನು ನಾನು, ನಗು ಬಂತು. ತೊಂದರೆಯೆಂದರೆ ಚೀಲದ ಮೇಲೆ ಹನಿ ಬಿದ್ದರೆ ಪಟಪಟ ಸದ್ದು, ಎಲ್ಕ್‌ಗೆ ಕೇಳುತ್ತದೆ. ಆದ್ದರಿಂದ ಕೊನೆಗೆ ಅದನ್ನೂ ತೆಗೆಯಬೇಕು.

ಒಂದು ನವೆಂಬರ್‌ನಲ್ಲಿ ಅವರ ಜೊತೆ ನಾನೂ ಹೋಗಿದ್ದೆ, ಬರಿಗೈಯಲ್ಲಿ. ಅವರಿಗೆ ಅದು ಐದನೇ ದಿನ, ರಜೆಯ ಕೊನೆಯ ದಿನ. ಮಧ್ಯಾಹ್ನ ಒಂದು ಗಂಡು ಎಲ್ಕ್ ಹದಿನೈದು ಗಜದಲ್ಲಿ ಬಂದು ನಿಂತಿತು. ಅವರು ಬಾಣ ಹೂಡಿ, ಇನ್ನೂ ಎಳೆಯದೆ, ಒಮ್ಮೆ ಗರಿ ನೋಡಿದರು. ಮೂರೂ ಕಡ್ಡಿಗೆ ಅಂಟಿದ್ದವು. ಬಿಲ್ಲು ಇಳಿಸಿಬಿಟ್ಟರು. ಪ್ರಾಣಿ ತನ್ನ ಪಾಡಿಗೆ ಹೋಯಿತು. "ಇಷ್ಟು ಹತ್ತಿರ ಇತ್ತಲ್ಲ?" ಎಂದೆ. "ತಗಲುತ್ತಿತ್ತು. ಎಲ್ಲಿ ತಗಲುತ್ತದೆ ಅಂತ ಗೊತ್ತಿರಲಿಲ್ಲ. ಹೊಟ್ಟೆಗೆ ಬಿದ್ದರೆ ಅದು ರಾತ್ರಿಯೆಲ್ಲ ನರಳುತ್ತದೆ" ಎಂದರು. ಆ ವಾರವಷ್ಟೇ ನಾನು ಸರಿಯಾಗಿ ಪರೀಕ್ಷಿಸದ ಪ್ರೋಗ್ರಾಂ ಒಂದನ್ನು, ನಡೆದರೆ ನಡೆಯಲಿ ಎಂದು ಬಿಡುಗಡೆ ಮಾಡಿ ಬಂದಿದ್ದೆ. ವಾಪಸ್ ಬರುವಾಗ ಕಾರಿನಲ್ಲಿ ನಾನು ಹೆಚ್ಚು ಮಾತಾಡಲಿಲ್ಲ.

ಮನೆಯಲ್ಲಿ ಅವರು ಕೆಟಲ್‌ನ ಹಬೆಗೆ ಗರಿಗಳನ್ನು ಹಿಡಿದರು. ಮುದುಡಿದ್ದ ಎಳೆಗಳು ಒಂದೊಂದಾಗಿ ಎದ್ದು ನಿಂತವು.

ನನ್ನ ಆ ಮೊದಲ ಬಾಣವನ್ನು ಮೊನೆ ತೆಗೆದು ತಂದಿದ್ದೇನೆ, ಶಾಲೆಯ ಪ್ರಯೋಗಶಾಲೆಗೆ ಇರಲಿ. ಎರಡು ಎಡಗರಿ ಯಾವುವು, ಒಂದು ಬಲಗರಿ ಯಾವುದು ಎಂದು ಒಂಬತ್ತನೇ ತರಗತಿಯವರು ಹುಡುಕಿ. ಕನ್ನಡ ಮೇಷ್ಟ್ರೇ, ಪುಂಖ ಎಂದರೆ ಏನೆಂದು ಈಗ ಕೇಳಿ ಸಾರ್, ಹೇಳುತ್ತೇನೆ.