ಮೋರ್ಯರ ಮನೆಗಳು
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

ಗಂಗಾವತಿಯ ಬಳಿಯಿರುವ ಹಿರೇಬೆಣಕಲ್ ಗುಡ್ಡದ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಆ ಗುಡ್ಡದ ಮೇಲೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ ಮನೆಯಾಕಾರದ ಕಟ್ಟಡಗಳು ಹರಡಿಕೊಂಡಿವೆ. ಎಲ್ಲ ಬಗೆಯ ಶಿಲಾಸ್ಮಾರಕಗಳನ್ನೂ ಎಣಿಸಿದರೆ ಸಂಖ್ಯೆ ಸುಮಾರು 400. ಕೆಲವು ಆಳೆತ್ತರವನ್ನು ಮೀರಿದರೆ, ಕೆಲವು ಸೊಂಟದೆತ್ತರವನ್ನೂ ಮುಟ್ಟುವುದಿಲ್ಲ. ಹಲವುಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿಯನ್ನು ಕೊರೆದಿರುತ್ತಾರೆ. ಜನರು ಇದನ್ನು ಮೋರ್ಯರ ಗುಡ್ಡವೆನ್ನುವರು. ಮೋರ್ಯರೆಂದರೆ ಬಹು ಕುಳ್ಳರಾದ ಪೂರ್ವಕಾಲದ ಜನರೆಂದು ಹೇಳುವರು.

ಈ ಹೆಸರನ್ನು ಹಿಡಿದು ಕೆಲವರು ಮೋರ್ಯರೆಂದರೆ ಮೌರ್ಯರೇ ಎಂದು ಬಗೆದಿದ್ದಾರೆ. ಆ ಊಹೆಗೆ ಆಕರ್ಷಣೆಯಿಲ್ಲದೆ ಇಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಮೌರ್ಯರ ಆಜ್ಞೆ ಈ ಸೀಮೆಯಲ್ಲಿ ನಡೆಯುತ್ತಿದ್ದಿತೆಂಬುದಕ್ಕೆ ಅದಕ್ಕಿಂತ ಸಾಕ್ಷ್ಯ ಬೇಕಿಲ್ಲ. ಆದರೆ ಇಂಥ ಕಲ್ಲುಗೋರಿಗಳನ್ನು ಕಟ್ಟುವ ಪದ್ಧತಿಯು ಅಶೋಕನಿಗಿಂತ ಶತಮಾನಗಳಷ್ಟು ಮೊದಲೇ ಈ ನಾಡಿನಲ್ಲಿತ್ತು. ಮೇಲಾಗಿ, ಜನರ ಕಥೆಯಲ್ಲಿ ಅರಸನಿಲ್ಲ, ಪಾಟಲೀಪುತ್ರವಿಲ್ಲ. ಇರುವವರು ಕುಳ್ಳರು ಮಾತ್ರ. ಉಚ್ಚಾರದ ಹೋಲಿಕೆಯೊಂದನ್ನೇ ನೆಚ್ಚಿ ಇತಿಹಾಸವನ್ನು ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಕುಳ್ಳರಾದರೂ ಎಲ್ಲಿಂದ ಬಂದರು? ಬೆಳೆದ ಮನುಷ್ಯನು ನುಸುಳಲಾರದ ಕಂಡಿಯನ್ನು ಬಾಗಿಲೆಂದು ತಿಳಿದವರಿಗೆ ಒಳಗಿದ್ದವರು ಕುಳ್ಳರೆಂದೇ ತೋರಬೇಕು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಯಿಸಿದಾಗ, ನೆಲದೊಳಗೆ ಇಂಥದೇ ಕಂಡಿಯುಳ್ಳ ಕಲ್ಲಿನ ಕೋಣೆಗಳು ದೊರೆತವು. ಒಳಗೆ ಹಲವರ ಎಲುಬುಗಳು, ಮಡಕೆಗಳು, ಕಬ್ಬಿಣದ ಆಯುಧಗಳು ಇದ್ದವು. ಅವು ಸತ್ತವರ ಮನೆಗಳು. ‘ಮನೆ’ ಎಂಬ ಮಾತು ನಿಜವಾಯಿತು, ವಾಸಿಸಿದವರ ವಿಷಯ ಮಾತ್ರ ಬೇರೆಯಾಯಿತು.

ಇನ್ನು ಚಿತ್ರಗಳ ಮಾತು. ಸುರಪುರ ಸಂಸ್ಥಾನದಲ್ಲಿ 1841ರಿಂದ 1853ರ ವರೆಗೆ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸಾಹೇಬರು ರಾಜನಕೋಳೂರು, ಜೇವರ್ಗಿ ಮೊದಲಾದೆಡೆಗಳ ಗೋರಿಗಳನ್ನು ಪರೀಕ್ಷಿಸಿದರು. ಅಗೆದ ಗೋರಿಯ ಮಣ್ಣು ಕಲ್ಲುಗಳ ಪದರಗಳನ್ನು ಅವರು ಚಿತ್ರಿಸಿ ತೋರಿಸಿದ ರೀತಿಯನ್ನು ನೂರು ವರ್ಷದ ಮೇಲೆ ವ್ಹೀಲರ್ ಅವರೇ ಮೆಚ್ಚಿ ಬರೆದಿದ್ದಾರೆ. ಆದರೆ ಆ ಟೇಲರರೇ ತಮ್ಮ ದೇಶದ ಕಲ್ಲುಗೋರಿಗಳನ್ನು ನೆನೆದು, ಇವನ್ನು ಕಟ್ಟಿದವರು ಅಲ್ಲಿಯ ಕೆಲ್ಟ್ ಮತ್ತು ಸಿಥಿಯ ಜನರಿಗೆ ಸಂಬಂಧಪಟ್ಟವರೆಂದು ನಿಶ್ಚಯಿಸಿದರು. ಕಣ್ಣು ಕಂಡದ್ದನ್ನು ಕೈ ಸರಿಯಾಗಿ ಬರೆಯಿತು. ಹೆಸರಿಡುವಾಗ ಮಾತ್ರ ತವರಿನ ನೆನಪು ಅಡ್ಡ ಬಂದಿತು. ಆದುದರಿಂದ ಅವರ ಚಿತ್ರಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಅವರ ಸಿದ್ಧಾಂತವನ್ನು ಈಗ ಯಾರೂ ಒಪ್ಪುವುದಿಲ್ಲ.

ಹಿರೇಬೆಣಕಲ್ಲಿನ ಬಂಡೆಗಳ ಮರೆಯಲ್ಲಿ ಕಾವಿಗೆಂಪಿನಿಂದ ಬರೆದ ಬೇರೆ ಚಿತ್ರಗಳಿವೆ. ಕುಣಿಯುವ ಜನ, ಜಿಂಕೆ, ಇಣಿಯುಳ್ಳ ಗೂಳಿ, ಕುದುರೆ, ಆಯುಧಪಾಣಿಗಳು. ಇವೆಲ್ಲವೂ ಗೋರಿ ಕಟ್ಟಿದವರ ಕೈಬರಹವೆಂದು ಹೇಳಲು ಮನಸ್ಸು ತವಕಿಸುತ್ತದೆ. ಪಕ್ಕದಲ್ಲಿರುವುದೆಲ್ಲ ಒಂದೇ ಕಾಲದ್ದಲ್ಲ. ಒಂದು ಚಿತ್ರದ ಮೇಲೆ ಇನ್ನೊಂದು ಬಿದ್ದಿದ್ದರೆ ಯಾವುದು ಕೆಳಗಿನದು, ಬಣ್ಣ ಎಷ್ಟು ಮಾಸಿದೆ ಎಂಬುದನ್ನು ಮೊದಲು ನೋಡಬೇಕು. ಅರ್ಥ ಹೇಳುವುದು ಆಮೇಲಿನ ಕೆಲಸ.

ಹೆಸರುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಳ್ಳಾರಿ ಸೀಮೆಯ ಕುಡತಿನಿಯ ಬಳಿಯ ಬೂದಿದಿಬ್ಬವನ್ನು ಹಿಡಿಂಬಾಸುರನ ಚಿತೆಯೆಂದೂ, ಹಂಪೆಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯೆಂದೂ ಹೇಳುವರು. ಪರೀಕ್ಷಿಸಿದಲ್ಲಿ ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಂಚಯವಾದ ಸಗಣಿ ಸುಟ್ಟು ಆದ ಬೂದಿಯೆಂದು ತಿಳಿದುಬಂದಿದೆ. ಅಸುರನು ಹೋದನು, ಬೂದಿ ಉಳಿಯಿತು. ಗೋಮಯವನ್ನು ಸುಟ್ಟು ವಿಭೂತಿಯನ್ನು ಮಾಡುವ ನಮ್ಮವರಿಗೆ ಈ ಸಂಗತಿಯನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಹಿರೇಬೆಣಕಲ್ಲು 2021ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಆದರೆ ಪಟ್ಟಿಗೆ ಸೇರದ ಕಲ್ಲುಗಳು ನಮ್ಮ ಹೊಲಗಳ ಬದುವಿನಲ್ಲಿವೆ. ಚಪ್ಪಡಿಗಳು ಕಟ್ಟಡಕ್ಕೂ ಜಲ್ಲಿಗೂ ಹೋಗುತ್ತಿವೆ. ಕಲ್ಲು ಹೋದ ಮೇಲೆ ಹೆಸರನ್ನು ಯಾವುದರೊಡನೆ ಒರೆಹಚ್ಚಿ ನೋಡೋಣ? ಶ್ರೀಮಠದ ಶಿಷ್ಯವರ್ಗವು ಹಲವು ಊರುಗಳಲ್ಲಿ ಹಬ್ಬಿರುವುದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ತಮ್ಮೂರಿನ ಗುಡ್ಡ, ಹಳ್ಳ, ಹೊಲಗಳ ಹೆಸರುಗಳನ್ನು ಹಿರಿಯರು ಉಚ್ಚರಿಸುವಂತೆಯೇ, ತಿದ್ದದೆ ಬರೆದಿಡಿರಿ. ಹೇಳಿದವರು ಯಾರು, ಯಾವ ವರ್ಷ ಎಂಬುದನ್ನೂ ಪಕ್ಕದಲ್ಲಿ ಗುರುತುಮಾಡಿರಿ. ಕಲ್ಲು ಇದ್ದಲ್ಲಿ ಅದನ್ನು ಕದಲಿಸದೆ, ಕಂಡಿಯು ಯಾವ ದಿಕ್ಕಿಗಿದೆಯೆಂದು ಒಂದು ಗೆರೆಯ ಚಿತ್ರ ಬರೆದರೆ ಸಾಕು.