ಬ್ಯಾಲನ್ ಕೊಳ್ಳೋ ಮುಂಚೆ ತಂತಿಯನ್ನ ಕೇಳಿ

ನಾನು ಪುಣೆ ಹತ್ರ ರಾಂಜಣಗಾಂವ ಎಂಐಡಿಸಿಯ ಒಂದು ಫ್ಯಾಕ್ಟರಿಯಲ್ಲಿ ಐಟಿ ಕೆಲಸ ಮಾಡ್ತೀನಿ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಇಲ್ಲಿನ ಮಹಾಗಣಪತಿ ಗೊತ್ತು. ನನಗೆ ಹ್ಯಾಮ್ ರೇಡಿಯೋ ಹುಚ್ಚು. ಭಾನುವಾರ ಬೆಳಿಗ್ಗೆ 40 ಮೀಟರ್ ಬ್ಯಾಂಡಿನಲ್ಲಿ ಶಿವಮೊಗ್ಗದ ಗೆಳೆಯನ ಜೊತೆ ಕನ್ನಡದಲ್ಲಿ ಮಾತಾಡಬೇಕು, ಅಷ್ಟೇ ಆಸೆ.

ಬಾಡಿಗೆ ಮನೆ ತಾರಸಿ ಮೇಲೆ ಡೈಪೋಲ್ ಕಟ್ಟಿದೆ. ಲೆಕ್ಕ ಸುಲಭ: 143ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಸುಮಾರು 20 ಮೀಟರ್ ತಂತಿ. ಆ ಕಡೆ ಹತ್ತು, ಈ ಕಡೆ ಹತ್ತು. ನಡುವೆ ಬ್ಯಾಲನ್ ಬೇಕು ಅಂತ ಓದಿದ್ದೆ. 4:1 ತರಿಸಿದೆ. ಯಾಕೆ? 1:1 ಅಂದ್ರೆ ಏನೂ ಮಾಡಲ್ಲ ಅಂದ್ಕೊಂಡಿದ್ದೆ!

ಎಸ್‌ಡಬ್ಲ್ಯುಆರ್ 3 ದಾಟಿತು. ತಪ್ಪು ಡಬ್ಬಿಯದಲ್ಲ, ನನ್ನದು. ನಡುವೆ ಫೀಡ್ ಮಾಡಿದ ಡೈಪೋಲ್ 50ರಿಂದ 70 ಓಮ್ ಆಸುಪಾಸು ಇರುತ್ತೆ. 4:1 ಅದನ್ನ ನಾಲ್ಕರಿಂದ ಭಾಗಿಸಿ 12ರಿಂದ 18 ಓಮ್ ಮಾಡಿತು. ನನ್ನ ಕೇಬಲ್ಲೋ 50 ಓಮ್.

ಡಬ್ಬಿ ಕಿತ್ತು ಕೇಬಲ್ಲನ್ನ ನೇರ ಜೋಡಿಸಿದೆ. ಎಸ್‌ಡಬ್ಲ್ಯುಆರ್ 1.3. ಗೆದ್ದೆ ಅಂದ್ಕೊಂಡೆ. ಮುಂದಿನ ಭಾನುವಾರ ಕೆಳಗಡೆ ಮನೆ ಮಾಲೀಕರು ಆರತಿ ಹಾಡು ಹಾಕಿದ್ರು. ನಾನು ಮಾತಾಡಿದಾಗೆಲ್ಲ ಅವರ ಸ್ಪೀಕರಿನಲ್ಲಿ ಬಾತುಕೋಳಿ ಕೂಗಿದ ಹಾಗೆ ಸದ್ದು! ಕಾಕಾ ಮೇಲೆ ಬಂದು, "ಸರ್, ಹೇ ಕಾಯ್ ಚಾಲ್ಲಂಯ್?" ಅಂದ್ರು. ಇನ್ನೊಂದು ಸಲ ಆದ್ರೆ ತಂತಿ ಇಳಿಸಿ ಅಂತ ಖಂಡಿತವಾಗಿ ಹೇಳಿ ಹೋದ್ರು.

ಆಗಿದ್ದೇನಂದ್ರೆ, ಕೇಬಲ್ಲಿನ ಹೊರಜಾಲರಿಯ ಹೊರಮೈಯೂ ಕರೆಂಟಿಗೆ ಒಂದು ದಾರಿ. ಆಂಟೆನಾದಿಂದ ಅದರಲ್ಲಿ ಇಳಿದು ಬಂದ ಕರೆಂಟು, ಕಾಕಾ ಕಿಟಕಿ ಪಕ್ಕದ ಕೇಬಲ್ಲನ್ನೇ ಆಂಟೆನಾ ಮಾಡಿತ್ತು. ಎಸ್‌ಡಬ್ಲ್ಯುಆರ್ ಮೀಟರ್ ಇದನ್ನ ಹೇಳಲ್ಲ. ಇದನ್ನ ತಡೆಯೋದೇ 1:1 ಕರೆಂಟ್ ಬ್ಯಾಲನ್ ಕೆಲಸ. ಏನೂ ಮಾಡಲ್ಲ ಅಂದ್ಕೊಂಡಿದ್ದೆನಲ್ಲ, ಅದೇ!

ನಾನೇ ಮಾಡಿದೆ. 2.4 ಇಂಚಿನ ಫೆರೈಟ್ ರಿಂಗು, 31 ಮಿಕ್ಸ್. ಅದರಲ್ಲಿ ಆರ್‌ಜಿ-58 ಕೇಬಲ್ ಹನ್ನೆರಡು ಸುತ್ತು. ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸಿನಲ್ಲಿಟ್ಟು ತಂತಿಯ ನಡುವೆಯೇ ಕಟ್ಟಿದೆ. ಕೆಂಪು, ಹಳದಿ ಬಣ್ಣದ ಕಬ್ಬಿಣಪುಡಿ ರಿಂಗು ಈ ಕೆಲಸಕ್ಕೆ ಆಗಲ್ಲ, ನೋಡಿಕೊಂಡು ತಗೊಳ್ಳಿ.

ಕಾಕಾ ಸ್ಪೀಕರ್ ಸುಮ್ಮನಾಯ್ತು. ಮನೆಯ ಎಲ್‌ಇಡಿ, ಚಾರ್ಜರುಗಳಿಂದ ಕೇಬಲ್ ಹಿಡಿದು ಬರ್ತಿದ್ದ ಗೊರಗೊರ ಸದ್ದೂ ಕಮ್ಮಿಯಾಯ್ತು. ಆದ್ರೆ ಫ್ಯಾಕ್ಟರಿಗಳ ಮೋಟಾರ್ ಡ್ರೈವ್ ಸದ್ದು ತಂತಿಗೇ ಬಂದು ಬೀಳುತ್ತೆ. ಅದಕ್ಕೆ ಬ್ಯಾಲನ್ ಮದ್ದಲ್ಲ.

ಹಾಗಾಗಿ ಅಂಕಿ ನೋಡಿ ಕೊಳ್ಳಬೇಡಿ. ತಂತಿಗೆ ಎಲ್ಲಿಂದ ಫೀಡ್ ಕೊಡ್ತೀರಿ ಅಂತ ನೋಡಿ. ನಡುವೆ ಆದ್ರೆ 1:1. ಮೂರನೇ ಒಂದು ಭಾಗದ ಹತ್ರ ಆದ್ರೆ ಸುಮಾರು 200 ಓಮ್, ಅಲ್ಲಿ 4:1. ಅರ್ಧ ತರಂಗದ ತಂತಿಯ ತುದಿಯಲ್ಲಾದ್ರೆ ಸುಮಾರು 2500 ಓಮ್, ಅಲ್ಲಿ 49:1. ಯಾವುದೋ ಉದ್ದದ ತಂತಿಗೆ 9:1, ಜೊತೆಗೆ ಟ್ಯೂನರ್. ಓಮ್ ಹೊಂದಿಸೋದು ಒಂದು ಕೆಲಸ, ಜಾಲರಿ ಮೇಲಿನ ಕರೆಂಟು ತಡೆಯೋದು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಕೇಳಿ.

ಈಗ ಭಾನುವಾರ ಕೆಳಗೆ ಆರತಿ, ಮೇಲೆ ಶಿವಮೊಗ್ಗ. ಯಾರಿಗೂ ತಕರಾರಿಲ್ಲ. ಲೈಸೆನ್ಸ್ ಇರೋ ಕನ್ನಡದ ಗೆಳೆಯರೇ, ಬ್ಯಾಂಡಿನಲ್ಲಿ ಸಿಗೋಣ. 73.